ತಿಪ್ಪೆ, ಬಕೆಟ್, ಲಾರಿ: ಮನೆಯ ಕಸ ಕಡಿಮೆ ಮಾಡುವ ಯತ್ನಗಳ ಸಮೀಕ್ಷೆ

ಪಂಚಾಯಿತಿಯ ಕಸದ ಗಾಡಿ ಹಾಡು ಹಾಕಿಕೊಂಡು ಓಣಿಗೆ ಬಂದಾಗ ಸಿಂಧನೂರು ಸೀಮೆಯ ಹಳ್ಳಿಯ ಮನೆಗಳಿಂದ ಏನೇನು ಹೊರಗೆ ಬರುತ್ತದೆ? ಗುಟ್ಕಾ ಚೀಟಿ, ಶಾಂಪೂ ಸ್ಯಾಶೆ, ಮಕ್ಕಳು ತಿಂದು ಬಿಸಾಕಿದ ಕುರುಕಲು ತಿಂಡಿಯ ಪೊಟ್ಟಣ, ಹಾಲಿನ ಪ್ಯಾಕೆಟ್, ಬೆಳೆಗೆ ಹೊಡೆದ ಔಷಧದ ಖಾಲಿ ಬಾಟಲಿ, ಹರಿದ ಚಪ್ಪಲಿ, ಡೈಪರ್. ಕಾಯಿಪಲ್ಯದ ಸಿಪ್ಪೆ, ಉಳಿದ ಅನ್ನ ಅಷ್ಟಾಗಿ ಬರುವುದಿಲ್ಲ. ಅವು ಆಗಲೇ ಎಮ್ಮೆಯ ಮುಸುರೆಗೋ, ನಾಯಿಗೋ, ತಿಪ್ಪೆಗೋ ಸೇರಿರುತ್ತವೆ. ಬೆಂಗಳೂರಿನ ಮನೆಯ ಬುಟ್ಟಿ ಇದಕ್ಕೆ ತೀರಾ ಉಲ್ಟಾ. ಅಲ್ಲಿ ತೂಕದ ಅರ್ಧಕ್ಕಿಂತ ಹೆಚ್ಚು ಪಾಲು ಅಡುಗೆಮನೆಯ ಹಸಿ ಕಸವೇ. ಆದರೂ ಎರಡೂ ಕಡೆ ಗೋಡೆಯ ಮೇಲೆ ಬರೆಸಿರುವ ಘೋಷಣೆ ಒಂದೇ: ಹಸಿ ಕಸ, ಒಣ ಕಸ ಬೇರ್ಪಡಿಸಿ.

ಮನೆಮನೆಯ ಕಸ ಕಡಿಮೆ ಮಾಡಿಸಬೇಕೆಂದು ಹೊರಟ ಸಮುದಾಯ ಯೋಜನೆಗಳು ಕರ್ನಾಟಕದಲ್ಲಿ ಈ ಕಾಲು ಶತಮಾನದಲ್ಲಿ ನೂರಾರು ಬಂದಿವೆ. ಅವುಗಳ ಸುತ್ತ ನಡೆಯುವ ಚರ್ಚೆಯಲ್ಲಿ ಮೂರು ಬೇರೆ ಬೇರೆ ಸಂಗತಿಗಳು ಒಂದಾಗಿ ಕಲಸಿಹೋಗುತ್ತವೆ. ಬೀದಿಯಲ್ಲಿ ಕಣ್ಣಿಗೆ ಬೀಳುವ ಕಸ ಕಡಿಮೆಯಾಗುವುದು ಒಂದು. ಊರ ಹೊರಗಿನ ಗುಡ್ಡೆಗೆ ಹೋಗುವ ಕಸ ಕಡಿಮೆಯಾಗುವುದು ಇನ್ನೊಂದು. ಮನೆಯೊಳಗೆ ಕಸ ಹುಟ್ಟುವುದೇ ಕಡಿಮೆಯಾಗುವುದು ಮೂರನೆಯದು. ಮೊದಲನೆಯದು ಬೇಗ ಆಗುತ್ತದೆ, ಎರಡನೆಯದು ಕಷ್ಟಪಟ್ಟರೆ ಆಗುತ್ತದೆ, ಮೂರನೆಯದು ಆದದ್ದನ್ನು ತೋರಿಸಿದವರು ಬಹಳ ಕಡಿಮೆ. ತುಂಗಭದ್ರೆಯ ದಂಡೆಯ ದಢೇಸುಗೂರಿನಂಥ ಊರಿನಲ್ಲಿ ನಿಂತು ನೋಡಿದರೆ ಈ ವ್ಯತ್ಯಾಸ ಇನ್ನಷ್ಟು ಸ್ಪಷ್ಟವಾಗುತ್ತದೆ.

ತಿಪ್ಪೆಯ ಕಾಲ, ಕಾಲುವೆಯ ಕಾಲ

ಈ ಸೀಮೆಯ ಕಸದ ಚರಿತ್ರೆ ಬಹಳ ಹಳೆಯದು. ರಾಯಚೂರು, ಬಳ್ಳಾರಿ, ಸುರಪುರ ಭಾಗದಲ್ಲಿ ಅಲ್ಲಲ್ಲಿ ಕಾಣುವ ಬೂದಿದಿಬ್ಬಗಳು ನವಶಿಲಾಯುಗದ ದನಗಾಹಿಗಳು ದಡ್ಡಿಯಲ್ಲಿ ಒಟ್ಟಿದ ಸಗಣಿ ಸುಟ್ಟು ಆದವು. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಹತ್ತೊಂಬತ್ತನೆಯ ಶತಮಾನದಲ್ಲೇ ಹಾಗೆಂದು ಊಹಿಸಿದ್ದರು. ಲಿಂಗಸೂಗೂರು ತಾಲ್ಲೂಕಿನ ಪಿಕ್ಲಿಹಾಳದಲ್ಲಿ ಉತ್ಖನನ ಮಾಡಿದ ಎಫ್. ಆರ್. ಆಲ್ಚಿನ್ ಈ ದಿಬ್ಬಗಳ ಬಗ್ಗೆ 1963ರಲ್ಲಿ ಒಂದು ಪುಸ್ತಕವನ್ನೇ ಬರೆದರು. ಆ ಜನ ಅಷ್ಟು ಸಗಣಿಯನ್ನು ಹೊಲಕ್ಕೆ ಹಾಕದೆ ಯಾಕೆ ಸುಟ್ಟರು ಎಂಬುದರ ಬಗ್ಗೆ ಪುರಾತತ್ತ್ವಜ್ಞರಲ್ಲಿ ಈಗಲೂ ಒಮ್ಮತವಿಲ್ಲ. ಗೊಬ್ಬರವನ್ನು ಬೆಂಕಿಗೆ ಕೊಡುವ ಪ್ರಶ್ನೆ ನಮ್ಮಲ್ಲಿ ನಿನ್ನೆ ಮೊನ್ನೆಯದಲ್ಲ ಎಂದು ನೆನಪಿಸಲಿಕ್ಕೆ ಇಷ್ಟು ಸಾಕು.

ಒಣಬೇಸಾಯದ ಕಾಲದ ಮನೆಯಲ್ಲಿ ಕಸ ಎಂದು ಹೊರಗೆ ಹಾಕುವಂಥದ್ದು ಹೆಚ್ಚೇನೂ ಇರಲಿಲ್ಲ. ಜೋಳದ ಸೊಪ್ಪೆ ಬಣವೆಯಾಗಿ ದನಕ್ಕೆ, ದನದ ಸಗಣಿ ತಿಪ್ಪೆಗೆ, ತಿಪ್ಪೆಯ ಗೊಬ್ಬರ ಬೇಸಿಗೆ ಕಳೆಯುವುದರೊಳಗೆ ಬಂಡಿಯಲ್ಲಿ ಹೊಲಕ್ಕೆ. ಒಲೆಯ ಬೂದಿ ಪಾತ್ರೆ ತಿಕ್ಕಲಿಕ್ಕೆ, ಹಳೆ ಸೀರೆ ಕೌದಿಗೆ, ಒಡೆದ ಕಬ್ಬಿಣ ಗುಜರಿಯವನಿಗೆ. ಇದನ್ನು ಹಿರಿಯರ ಪರಿಸರಪ್ರಜ್ಞೆ ಎಂದು ಹೊಗಳುವುದು ಈಗ ಒಂದು ರೂಢಿ. ನನಗೆ ಅದು ಅರ್ಧ ಸತ್ಯ. ಬಿಸಾಕಲಿಕ್ಕೆ ಮನೆಯಲ್ಲಿ ವಸ್ತುವೇ ಇರಲಿಲ್ಲ ಎಂಬುದು ಉಳಿದರ್ಧ. ಸತ್ತ ದನ ಎಳೆಯುವ, ಚರಂಡಿ ಬಳಿಯುವ ಕೆಲಸವನ್ನು ಕೆಲವು ಕೇರಿಗಳ ತಲೆಗೆ ಕಟ್ಟಿದ್ದರಿಂದಲೇ ಉಳಿದ ಓಣಿಗಳು ಸ್ವಚ್ಛವಾಗಿದ್ದವು ಎಂಬುದನ್ನೂ ಆ ಹೊಗಳಿಕೆ ಮರೆಸುತ್ತದೆ.

1953ರಲ್ಲಿ ತುಂಗಭದ್ರಾ ಅಣೆಕಟ್ಟಿನ ನೀರು ಎಡದಂಡೆ ಕಾಲುವೆಗೆ ಹರಿಯತೊಡಗಿದ ಮೇಲೆ ಈ ಸೀಮೆಯ ಲೆಕ್ಕಾಚಾರ ನಿಧಾನವಾಗಿ ಬದಲಾಯಿತು. ಜೋಳ, ಹತ್ತಿಯ ಎರೆಭೂಮಿ ಭತ್ತದ ಗದ್ದೆಯಾಯಿತು. ದಢೇಸುಗೂರಿನಲ್ಲಿ ಕೃಷಿ ಸಂಶೋಧನಾ ಕೇಂದ್ರ ಬಂತು, ಸಿಂಧನೂರಿನಲ್ಲಿ ಅಕ್ಕಿ ಗಿರಣಿಗಳು ಬೆಳೆದವು. ಎತ್ತಿನ ಜಾಗಕ್ಕೆ ಟ್ರ್ಯಾಕ್ಟರ್, ಕುಡುಗೋಲಿನ ಜಾಗಕ್ಕೆ ಕಟಾವು ಯಂತ್ರ, ತಿಪ್ಪೆಗೊಬ್ಬರದ ಜಾಗಕ್ಕೆ ಯೂರಿಯಾ. ಯಂತ್ರ ಕೊಯ್ದು ಬಿಟ್ಟ ಭತ್ತದ ಹುಲ್ಲನ್ನು ಎತ್ತಿ ಕಟ್ಟುವ ಕೂಲಿ ಹುಲ್ಲಿನ ಬೆಲೆಗಿಂತ ಹೆಚ್ಚಾದಾಗ ಗದ್ದೆಯಲ್ಲೇ ಕಡ್ಡಿ ಗೀರುವುದು ಶುರುವಾಯಿತು. ದನ ಕಡಿಮೆಯಾದ ಮನೆಯಲ್ಲಿ ಮುಸುರೆ ಕುಡಿಯುವವರಿಲ್ಲ, ತಿಪ್ಪೆ ಕಟ್ಟುವವರಿಲ್ಲ. ಅದೇ ಹೊತ್ತಿಗೆ, 1980ರ ದಶಕದಿಂದ, ತಮಿಳುನಾಡಿನಲ್ಲಿ ಹುಟ್ಟಿದ ಶಾಂಪೂ ಸ್ಯಾಶೆ ಎಂಬ ಸಣ್ಣ ಪೊಟ್ಟಣ ದಿನಗೂಲಿಯವರ ಕೈಗೆಟುಕುವ ಬೆಲೆಯಲ್ಲಿ ಹಳ್ಳಿಯ ಅಂಗಡಿಗೂ ಬಂದು ತೋರಣದಂತೆ ತೂಗತೊಡಗಿತು.

ತಿಪ್ಪೆ ಇನ್ನೂ ಇದೆ. ಅದರಲ್ಲಿ ಈಗ ಅರ್ಧಕ್ಕರ್ಧ ಪ್ಲಾಸ್ಟಿಕ್. ಪ್ಲಾಸ್ಟಿಕ್ ಕೂಡಿದ ಗೊಬ್ಬರವನ್ನು ಹೊಲಕ್ಕೆ ಹೇರಲು ರೈತ ಹಿಂಜರಿಯುತ್ತಾನೆ. ಹೇರದಿದ್ದರೆ ತಿಪ್ಪೆ ಖಾಲಿಯಾಗುವುದಿಲ್ಲ. ಖಾಲಿಯಾಗದ ತಿಪ್ಪೆಗೆ ಬೆಂಕಿ ಬೀಳುತ್ತದೆ. ಹಳ್ಳಿಯ ಕಸದ ಸಮಸ್ಯೆ ಶುರುವಾದದ್ದು ಇಲ್ಲಿಂದ ಎಂದೇ ನನ್ನ ಅನಿಸಿಕೆ. ಹೆಚ್ಚಿನ ಯೋಜನೆಗಳು ಇದನ್ನು ಗಮನಿಸುವುದೇ ಇಲ್ಲ. 2000ದ ಆಸುಪಾಸಿನಲ್ಲಿ ರಾಜ್ಯ ಸರ್ಕಾರ ತಂದ ಸ್ವಚ್ಛ ಗ್ರಾಮ ಯೋಜನೆಯಲ್ಲಿ ಒಳರಸ್ತೆ, ಚರಂಡಿ, ಹೊಗೆರಹಿತ ಒಲೆ, ಶೌಚಾಲಯದ ಜೊತೆಗೆ ತಿಪ್ಪೆಗಳನ್ನು ಊರ ಹೊರಗೆ ಒಂದೆಡೆ ಸೇರಿಸುವುದೂ ಇತ್ತು. ಓಣಿ ಚೊಕ್ಕಟವಾಗಲಿಕ್ಕೆ ಅದು ಒಳ್ಳೆಯ ಉಪಾಯವೇ. ಆದರೆ ದಿನಾ ಬುಟ್ಟಿ ಹೊತ್ತು ಊರ ಹೊರಗೆ ಹೋಗಬೇಕಾದವಳು ಮನೆಯ ಹೆಂಗಸು. ಆ ನಡಿಗೆಯನ್ನು ಯೋಜನೆ ಲೆಕ್ಕಕ್ಕೆ ಹಿಡಿಯಲಿಲ್ಲ.

ನಗರದಿಂದ ಬಂದ ಕಾನೂನು

ನಗರದ ಕಸವನ್ನು ಹೊಲದ ಗೊಬ್ಬರ ಮಾಡುವ ವಿಚಾರಕ್ಕೆ ಕರ್ನಾಟಕದಲ್ಲಿ ದೊಡ್ಡ ಹಿನ್ನೆಲೆಯಿದೆ. ಸಿ. ಎನ್. ಆಚಾರ್ಯ ಅವರು 1939ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೂಪಿಸಿದ ಗುಂಡಿ ಗೊಬ್ಬರದ ಕ್ರಮ ಕೃಷಿ ಪಠ್ಯಗಳಲ್ಲಿ ‘ಬೆಂಗಳೂರು ವಿಧಾನ’ ಎಂದೇ ಉಳಿದಿದೆ. 1975ರಲ್ಲಿ ಕರ್ನಾಟಕ ಕಾಂಪೋಸ್ಟ್ ಅಭಿವೃದ್ಧಿ ನಿಗಮ ಹುಟ್ಟಿತು. ಆಗಿನ ಕಸ ಬಹುಪಾಲು ಕೊಳೆಯುವಂಥದ್ದಾಗಿದ್ದರಿಂದ ಮನೆಯವರಿಂದ ಯಾರೂ ಏನನ್ನೂ ನಿರೀಕ್ಷಿಸಲಿಲ್ಲ.

ಮನೆಯವರ ಮೇಲೆ ಹೊಣೆ ಬಿದ್ದದ್ದು ನ್ಯಾಯಾಲಯಗಳ ಮೂಲಕ. ಬೆಂಗಳೂರಿನ ಅಲ್ಮಿತ್ರಾ ಪಟೇಲ್ 1996ರಲ್ಲಿ ಸುಪ್ರೀಂ ಕೋರ್ಟಿಗೆ ಹಾಕಿದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯ ಫಲವಾಗಿ 2000ದ ನಿಯಮಗಳು ಬಂದವು, ಅವುಗಳ ಜಾಗಕ್ಕೆ 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು. ಮನೆಯಲ್ಲೇ ಮೂರು ಬಗೆಯಾಗಿ ವಿಂಗಡಿಸಬೇಕು, ಸೇವೆಗೆ ಶುಲ್ಕ ಕೊಡಬೇಕು ಎಂದು ಈ ನಿಯಮಗಳು ಹೇಳಿದವು. ಅವು ಅನ್ವಯವಾಗುವ ಜಾಗಗಳ ಪಟ್ಟಿಯಲ್ಲಿ ನಗರ, ಪಟ್ಟಣ, ಪಟ್ಟಣದಂತಾದ ಊರು, ಯಾತ್ರಾಸ್ಥಳ ಎಲ್ಲ ಇದ್ದವು, ಸಾಮಾನ್ಯ ಹಳ್ಳಿ ಇರಲಿಲ್ಲ. ಸಿಂಧನೂರು ನಗರಸಭೆಗೂ ಲಿಂಗಸೂಗೂರು, ಮಸ್ಕಿಯ ಪುರಸಭೆಗಳಿಗೂ ಒಂದು ಕಾನೂನು, ಅವುಗಳ ಸುತ್ತಲ ಹಳ್ಳಿಗಳಿಗೆ ಸ್ವಚ್ಛ ಭಾರತ್‌ನ ಮಾರ್ಗಸೂಚಿ. ಹೀಗೆ ಎರಡು ದಾರಿಯಾಯಿತು.

ಬೆಂಗಳೂರನ್ನು ಎಬ್ಬಿಸಿದ್ದು ಹಳ್ಳಿಗಳೇ. 2012ರಲ್ಲಿ ನಗರದ ಕಸ ಸುರಿಯುತ್ತಿದ್ದ ಮಾವಳ್ಳಿಪುರದ ಗುಡ್ಡೆ ಮುಚ್ಚಿತು, 2014ರ ಕೊನೆಗೆ ಮಂಡೂರಿನದು. ನಿಮ್ಮ ಕಸ ನಮಗೆ ಬೇಡ ಎಂದು ಆ ಊರಿನವರು ರಸ್ತೆಗೆ ಬಂದು ನಿಂತದ್ದರಿಂದಲೇ ನಗರದ ಮನೆಗಳಲ್ಲಿ ಎರಡನೆಯ ಬಕೆಟ್ ಬಂತು. 2019ರ ಆಗಸ್ಟ್‌ನಲ್ಲಿ ಮಂಗಳೂರಿನ ಪಚ್ಚನಾಡಿ ಗುಡ್ಡೆ ಮಳೆಗೆ ಜಾರಿ ಮಂದಾರದ ಅಡಿಕೆ ತೋಟಗಳನ್ನೇ ಮುಚ್ಚಿಹಾಕಿತು. ಕಸ ಕಡಿಮೆ ಮಾಡಿ ಎಂಬ ಮಾತಿಗೆ ರಾಜ್ಯದಲ್ಲಿ ತುರ್ತು ಬಂದದ್ದು ಪ್ರಚಾರದಿಂದಲ್ಲ, ಇಂಥ ಘಟನೆಗಳಿಂದ.

ಅರಿವಿನ ಪಂಥ

ಜನಕ್ಕೆ ಗೊತ್ತಿಲ್ಲ, ಗೊತ್ತಾದರೆ ಮಾಡುತ್ತಾರೆ ಎಂಬುದು ಅತ್ಯಂತ ಹಳೆಯ, ಸರ್ಕಾರಗಳಿಗೆ ಅತ್ಯಂತ ಪ್ರಿಯವಾದ ವಿವರಣೆ. ಜಾಥಾ, ಬೀದಿನಾಟಕ, ಗೋಡೆಬರಹ, ಶಾಲಾ ಮಕ್ಕಳ ಪ್ರಮಾಣವಚನ, ಅಕ್ಟೋಬರ್ 2ರ ಪೊರಕೆ ಫೋಟೋ, ಎಲ್ಲ ಈ ಪಂಥದವೇ. ಇದಕ್ಕೊಂದು ಬಲವಿದೆ. ಮಕ್ಕಳ ಮೂಲಕ ಮನೆಗೆ ಹೋದ ಮಾತು ಒಂದಷ್ಟು ದಿನ ನಿಲ್ಲುತ್ತದೆ. ಆದರೆ ಅರಿವಿಗೂ ನಡತೆಗೂ ನಡುವೆ ದೊಡ್ಡ ಕಂದಕವಿದೆ ಎಂಬುದನ್ನು ಮನೋವಿಜ್ಞಾನಿಗಳು ದಶಕಗಳಿಂದ ಹೇಳುತ್ತಿದ್ದಾರೆ. ಐಸೆಕ್ ಐಜೆನ್ 1991ರಲ್ಲಿ ವಿಸ್ತರಿಸಿದ ಸಿದ್ಧಾಂತದಲ್ಲಿ ಮನೋಭಾವ ಮೂರರಲ್ಲಿ ಒಂದು ಅಂಶ ಮಾತ್ರ. ನಾಲ್ಕು ಜನ ಏನೆನ್ನುತ್ತಾರೆ, ಇದು ನನ್ನ ಕೈಯಲ್ಲಿ ಆಗುತ್ತದೆಯೇ ಎಂಬುವು ಉಳಿದೆರಡು. ಪ್ಲಾಸ್ಟಿಕ್ ಸುಡಬಾರದೆಂದು ದಢೇಸುಗೂರಿನಲ್ಲಾಗಲಿ ಬೆಂಗಳೂರಿನ ಸದಾಶಿವನಗರದಲ್ಲಾಗಲಿ ಈಗ ಯಾರಿಗೆ ತಿಳಿದಿಲ್ಲ? ಹಂಡೆಯ ಒಲೆಗೆ ಅದೇ ಬೇಗ ಹತ್ತುತ್ತದೆ, ಬೇರೆಲ್ಲೂ ಹಾಕಲು ಜಾಗವಿಲ್ಲ.

ವ್ಯವಸ್ಥೆಯ ಪಂಥ

ಹಾಗಾದರೆ ಜಾಗ ಕೊಡಿ ಎಂದಿತು ಎರಡನೆಯ ಪಂಥ. ಬೆಂಗಳೂರಿನ ‘ಎರಡು ಬಕೆಟ್, ಒಂದು ಚೀಲ’ ಕ್ರಮ ಇದರ ಉತ್ತಮ ಉದಾಹರಣೆ. ಹಸಿರು ಬಕೆಟ್‌ಗೆ ಹಸಿ ಕಸ, ಕೆಂಪು ಬಕೆಟ್‌ಗೆ ಪ್ಯಾಡ್, ಡೈಪರ್, ಬ್ಲೇಡ್, ಚೀಲಕ್ಕೆ ಒಣ ಕಸ. ನಾಗರಿಕರೇ ಕೂಡಿ 2009ರಲ್ಲಿ ಕಟ್ಟಿಕೊಂಡ ಘನತ್ಯಾಜ್ಯ ದುಂಡುಮೇಜಿನ ಬಳಗ ಬಡಾವಣೆಗಳಲ್ಲಿ ಇಂಥ ಪ್ರಯೋಗಗಳನ್ನು ಬೆಳೆಸಿತು, 2015ರ ಡಿಸೆಂಬರ್‌ನಲ್ಲಿ ಹೈಕೋರ್ಟ್ ಈ ಕ್ರಮವನ್ನು ನಗರಕ್ಕೆಲ್ಲ ಕಡ್ಡಾಯ ಮಾಡಿತು. ವಾರ್ಡ್ ಮಟ್ಟದ ಒಣ ಕಸ ಸಂಗ್ರಹ ಕೇಂದ್ರಗಳು, ಅವನ್ನು ನಡೆಸುವ ಹಸಿರು ದಳದಂಥ ಚಿಂದಿ ಆಯುವವರ ಸಂಘಟನೆಗಳು, ಮನೆಯಲ್ಲೇ ಗೊಬ್ಬರ ಮಾಡುವ ‘ಡೈಲಿ ಡಂಪ್’ನ ಮಣ್ಣಿನ ಕಂಬ, ಎಚ್‌ಎಸ್‌ಆರ್ ಬಡಾವಣೆಯ ಸ್ವಚ್ಛಾಗ್ರಹ ಕಲಿಕಾ ಕೇಂದ್ರ, ಎಲ್ಲ ಒಂದಕ್ಕೊಂದು ಪೂರಕವಾಗಿ ಬೆಳೆದವು. ಮೈಸೂರಿನ ಕುಂಬಾರಕೊಪ್ಪಲಿನ ಕಸ ವಿಂಗಡಣಾ ಘಟಕವೂ ಇದೇ ಪಂಥದ್ದು.

ಈ ಪಂಥ ವಿವರಿಸುವಷ್ಟನ್ನು ಚೆನ್ನಾಗಿ ವಿವರಿಸುತ್ತದೆ. ಗಾಡಿ ಹೊತ್ತಿಗೆ ಸರಿಯಾಗಿ ಬಂದರೆ ವಿಂಗಡಣೆ ನಡೆಯುತ್ತದೆ, ಎರಡು ದಿನ ತಪ್ಪಿದರೆ ಕೆಡುತ್ತದೆ, ಬೇರ್ಪಡಿಸಿ ಕೊಟ್ಟದ್ದನ್ನು ಕಣ್ಣೆದುರೇ ಒಂದೇ ಲಾರಿಗೆ ಸುರಿದರೆ ಆ ಮನೆ ಮತ್ತೆ ಬೇರ್ಪಡಿಸುವುದಿಲ್ಲ. ಆದರೆ ವ್ಯವಸ್ಥೆ ಚೆನ್ನಾದಷ್ಟೂ ಕಸ ಹಾಕುವುದು ಸಲೀಸಾಗುತ್ತದೆ ಎಂಬ ತೊಡಕೂ ಇದೆ. ಒಣ ಕಸದ ಚೀಲಕ್ಕೆ ಹಾಕಿದ ಪೊಟ್ಟಣ ಮರುಬಳಕೆಗೆ ಹೋಗುತ್ತದೆಂಬ ನಂಬಿಕೆ ಇನ್ನೊಂದು ಪೊಟ್ಟಣ ಕೊಳ್ಳುವವರ ಮನಸ್ಸನ್ನು ಹಗುರ ಮಾಡುತ್ತದೆ.

ಬೆಲೆಯ ಪಂಥ

ಅರ್ಥಶಾಸ್ತ್ರಜ್ಞರ ವಾದ ನೇರ. ಕಸ ಹಾಕುವುದು ಪುಕ್ಕಟೆಯಾಗಿರುವವರೆಗೆ ಯಾರೂ ಕಡಿಮೆ ಮಾಡುವುದಿಲ್ಲ, ತೂಕಕ್ಕೆ ತಕ್ಕ ದುಡ್ಡು ವಸೂಲಿ ಮಾಡಿ. ದಕ್ಷಿಣ ಕೊರಿಯಾ 1995ರಲ್ಲಿ ದೇಶಕ್ಕೆಲ್ಲ ಚೀಲದ ಲೆಕ್ಕದ ಶುಲ್ಕ ತಂದಾಗ ತಲಾ ಕಸ ಇಳಿದದ್ದು ನಿಜ. ಅಮೆರಿಕದ ಷಾರ್ಲಟ್ಸ್‌ವಿಲ್‌ನಲ್ಲಿ ಚೀಲಕ್ಕಿಷ್ಟು ಎಂದು ಶುಲ್ಕ ಹಾಕಿದಾಗ ಫುಲರ್ಟನ್ ಮತ್ತು ಕಿನಮನ್ 75 ಮನೆಗಳ ಕಸ ತೂಗಿ ನೋಡಿದರು. ಚೀಲಗಳ ಗಾತ್ರ ಶೇ 37ರಷ್ಟು ಇಳಿದಿತ್ತು, ತೂಕ ಇಳಿದದ್ದು ಶೇ 14 ಮಾತ್ರ. ಜನ ಕಸವನ್ನು ಒತ್ತಿ ಒತ್ತಿ ತುಂಬಿದ್ದರು. ಇಳಿದ ತೂಕದಲ್ಲೂ ಒಂದು ಪಾಲು ಕದ್ದು ಸುರಿದದ್ದಿರಬೇಕೆಂದು 1996ರ ಅವರ ಪ್ರಬಂಧ ಲೆಕ್ಕ ಹಾಕಿತು.

ಬೆಂಗಳೂರಿನಲ್ಲಿ 2025ರ ಏಪ್ರಿಲ್‌ನಿಂದ ಬಂದ ಬಳಕೆದಾರರ ಶುಲ್ಕ ಕಟ್ಟಡದ ವಿಸ್ತೀರ್ಣವನ್ನು ಆಧರಿಸಿ ತಿಂಗಳಿಗೆ 10ರಿಂದ 400 ರೂಪಾಯಿ. ದೊಡ್ಡ ಮನೆಯವರು ಹೆಚ್ಚು ಕೊಡುವುದು ನ್ಯಾಯವೇ. ಆದರೆ ಕಸ ಅರ್ಧ ಮಾಡಿದ ಮನೆಗೆ ಒಂದು ಪೈಸೆಯೂ ಉಳಿಯುವುದಿಲ್ಲ. ಇದು ಸೇವೆಯ ಖರ್ಚು ತುಂಬಿಸುವ ಶುಲ್ಕ, ಕಸ ಕಡಿಮೆ ಮಾಡಿಸುವ ಶುಲ್ಕವಲ್ಲ. ಸುತ್ತ ಬಯಲು, ಹಳ್ಳ, ಕಾಲುವೆ ಇರುವ ಹಳ್ಳಿಯಲ್ಲಿ ತೂಕದ ಶುಲ್ಕ ಹಾಕಿದರೆ ಮೊದಲು ತುಂಬುವುದು ಕಾಲುವೆಯೇ ಎನ್ನುವುದಕ್ಕೆ ಸಂಶೋಧನೆ ಬೇಕಿಲ್ಲ.

ನೆರೆಹೊರೆಯ ಪಂಥ

ಸಮುದಾಯ ಯೋಜನೆ ಎಂಬುದಕ್ಕೆ ನಿಜವಾಗಿ ಒಪ್ಪುವುದು ಈ ಪಂಥ. ಮನುಷ್ಯ ತಿಳಿವಳಿಕೆಗಿಂತ, ದುಡ್ಡಿಗಿಂತ, ಪಕ್ಕದ ಮನೆಯವರನ್ನು ನೋಡಿ ನಡೆಯುತ್ತಾನೆ ಎಂಬುದು ಇದರ ನಂಬಿಕೆ. ಎಲಿನರ್ ಆಸ್ಟ್ರಮ್ 1990ರ ಪುಸ್ತಕದಲ್ಲಿ ಊರೊಟ್ಟಿನ ನೀರಾವರಿ, ಕಾಡು, ಮೀನುಗಾರಿಕೆಗಳನ್ನು ಜನರೇ ಹೇಗೆ ಕಾಪಾಡಿಕೊಳ್ಳುತ್ತಾರೆಂದು ತೋರಿಸಿದ್ದರು. ಎಲ್ಲೆ ಗೊತ್ತಿರಬೇಕು, ನಿಯಮ ಊರವರೇ ಮಾಡಿರಬೇಕು, ಕಾವಲು ಒಳಗಿನವರದೇ ಇರಬೇಕು, ಮೊದಲ ತಪ್ಪಿಗೆ ಸಣ್ಣ ದಂಡ ಇರಬೇಕು. ಕಾಲುವೆಯ ಕೊನೆಯ ಭಾಗಕ್ಕೆ ನೀರು ಮುಟ್ಟುವುದಿಲ್ಲವೆಂದು ಪ್ರತಿ ವರ್ಷ ಜಗಳವಾಡುವ ನಮ್ಮ ರೈತರಿಗೆ ಈ ಶರತ್ತುಗಳ ಬೆಲೆ ಚೆನ್ನಾಗಿಯೇ ಗೊತ್ತು.

1990ರ ದಶಕದಲ್ಲಿ ಯುರೋಪಿನಲ್ಲಿ ಹರಡಿದ ‘ಇಕೋ ಟೀಮ್’ಗಳಲ್ಲಿ ಕೆಲವೇ ಮನೆಯವರು ತಿಂಗಳಿಗೊಮ್ಮೆ ಕೂತು ತಮ್ಮ ಕಸ, ನೀರು, ವಿದ್ಯುತ್ತಿನ ಲೆಕ್ಕ ನೋಡುತ್ತಿದ್ದರು. ನೆದರ್‌ಲೆಂಡ್ಸ್‌ನ ತಂಡಗಳನ್ನು ಹಿಂಬಾಲಿಸಿದ 2004ರ ಅಧ್ಯಯನದ ಪ್ರಕಾರ ಆ ಮನೆಗಳ ಕಸ ಕಾಲು ಭಾಗಕ್ಕಿಂತ ಹೆಚ್ಚು ಇಳಿದಿತ್ತು, ಎರಡು ವರ್ಷದ ನಂತರವೂ ಏರಿರಲಿಲ್ಲ. ಕಸ ಹುಟ್ಟುವುದೇ ಕಡಿಮೆಯಾಯಿತೆಂದು ತೂಗಿ ತೋರಿಸಿದ ಅಪರೂಪದ ಪುರಾವೆಗಳಲ್ಲಿ ಇದೂ ಒಂದು. ಆದರೆ ತಂಡಕ್ಕೆ ಸೇರಿದವರು ತಾವಾಗಿ ಬಂದವರು. ಬರಲು ಮನಸ್ಸಿಲ್ಲದ ಓಣಿಯಲ್ಲಿ ಇದೇ ಫಲ ಸಿಗುತ್ತದೆಯೇ ಎಂಬುದನ್ನು ಆ ಅಧ್ಯಯನ ಹೇಳಲಾರದು.

ಜಪಾನಿನ ಕಮಿಕಾತ್ಸು ಬೆಟ್ಟದೂರು. ಜನ ಒಂದೂವರೆ ಸಾವಿರದಷ್ಟು. 2003ರಲ್ಲಿ ಶೂನ್ಯ ಕಸದ ಘೋಷಣೆ ಮಾಡಿ, ಗಾಡಿಯನ್ನೇ ಇಡದೆ, ಜನರೇ ಹೊತ್ತು ತಂದು ನಲವತ್ತೈದು ಬಗೆಯಾಗಿ ವಿಂಗಡಿಸುವ ಕ್ರಮಕ್ಕೆ ಬಂದು, ಶೇ 80ರಷ್ಟನ್ನು ಮರುಬಳಕೆಗೆ ಮುಟ್ಟಿಸಿದರು. 2020ರೊಳಗೆ ಶೂನ್ಯ ಎಂಬ ಗುರಿ ಕೈಗೂಡಲಿಲ್ಲ. ಉಳಿದ ಐದನೆಯ ಒಂದು ಪಾಲಿನಲ್ಲಿದ್ದದ್ದು ಡೈಪರ್, ನೈರ್ಮಲ್ಯದ ಪ್ಯಾಡ್, ಚಪ್ಪಲಿ, ಹಲವು ವಸ್ತು ಬೆಸೆದು ಮಾಡಿದ ಪದಾರ್ಥಗಳು. ಅಂದರೆ ನಮ್ಮ ಓಣಿಯ ಗಾಡಿಯಲ್ಲಿ ಇರುವಂಥವೇ. ಜಗತ್ತಿನ ಅತ್ಯಂತ ಶಿಸ್ತಿನ ಊರು ಎಲ್ಲಿ ಬಂದು ನಿಂತಿತೋ ಸಿಂಧನೂರು ಸೀಮೆಯ ಹಳ್ಳಿಯ ಕಸ ಶುರುವಾಗುವುದೇ ಅಲ್ಲಿಂದ.

ಭಾರತದಲ್ಲಿ ಈ ಪಂಥ ಹೆಚ್ಚಾಗಿ ಮಹಿಳಾ ಸ್ವಸಹಾಯ ಸಂಘಗಳ ರೂಪ ಪಡೆಯಿತು. ಛತ್ತೀಸಗಢದ ಅಂಬಿಕಾಪುರದಲ್ಲಿ 2015ರಿಂದ ನಾಲ್ಕುನೂರಕ್ಕೂ ಹೆಚ್ಚು ಮಹಿಳೆಯರು ಮನೆಮನೆಯ ಕಸ ಎತ್ತಿ ಕೈಯಲ್ಲೇ ವಿಂಗಡಿಸತೊಡಗಿದ ಮೇಲೆ ಊರ 15 ಎಕರೆಯ ಕಸದ ಗುಡ್ಡೆ ಉದ್ಯಾನವಾಯಿತು. ಕೇರಳದ ಆಲಪ್ಪುಳದಲ್ಲಿ ಗುಡ್ಡೆಯ ಪಕ್ಕದ ಸರ್ವೋದಯಪುರದವರು ಲಾರಿ ತಡೆದ ಮೇಲೆ 2012ರಿಂದ ಮನೆಯಲ್ಲೇ ಪೈಪ್ ಗೊಬ್ಬರ, ಜೈವಿಕ ಅನಿಲ ಬಂದವು. ನಮ್ಮಲ್ಲಿ ಉಡುಪಿ ಜಿಲ್ಲೆಯ ವಂಡ್ಸೆ ಪಂಚಾಯಿತಿ ಇದೇ ಹಾದಿಯಲ್ಲಿ ಹೆಸರು ಮಾಡಿತು. ಕಾರ್ಕಳ ತಾಲ್ಲೂಕಿನ ನಿಟ್ಟೆಯಲ್ಲಿ ದಿನಕ್ಕೆ 10 ಟನ್ ಒಣ ಕಸ ವಿಂಗಡಿಸುವ ಘಟಕ ಸುತ್ತಲ ಹತ್ತಾರು ಪಂಚಾಯಿತಿಗಳಿಗಾಗಿ ಶುರುವಾಯಿತು.

ಉತ್ಪಾದಕರ ಕಡೆ ಬೆರಳು ತೋರಿಸುವವರು

ಐದನೆಯ ಪಂಥ ಇಡೀ ಪ್ರಶ್ನೆಯನ್ನೇ ತಿರುಗಿಸುತ್ತದೆ. ಕಸ ಮಾಡುವವರು ಮನೆಯವರೇ ಅಥವಾ ಪೊಟ್ಟಣ ಮಾಡಿ ಕಳಿಸಿದವರೇ? ಅಮೆರಿಕದಲ್ಲಿ 1953ರಲ್ಲಿ ಹುಟ್ಟಿದ ‘ಕೀಪ್ ಅಮೆರಿಕ ಬ್ಯೂಟಿಫುಲ್’ ಸಂಸ್ಥೆಯ ಹಿಂದೆ ಡಬ್ಬಿ, ಬಾಟಲಿ ಕಂಪನಿಗಳೇ ಇದ್ದವು ಎಂಬುದನ್ನು ಈ ವಾದದವರು ಮರೆಯದೆ ಹೇಳುತ್ತಾರೆ. ಕಸ ಬಿಸಾಡುವವನು ತಪ್ಪಿತಸ್ಥ ಎಂಬ ಭಾವನೆ ಬೆಳೆಸುವುದರಿಂದ ಲಾಭ ಯಾರಿಗೆ ಎಂಬ ಪ್ರಶ್ನೆ ಅವರದು. 1990ರಲ್ಲಿ ಸ್ವೀಡನ್ನಿನ ಥಾಮಸ್ ಲಿಂಡ್‌ಕ್ವಿಸ್ಟ್ ಮುಂದಿಟ್ಟ ವಿಸ್ತರಿತ ಉತ್ಪಾದಕ ಹೊಣೆಗಾರಿಕೆಯ ವಿಚಾರ ಭಾರತದ ಪ್ಲಾಸ್ಟಿಕ್ ನಿಯಮಗಳಿಗೂ ಬಂತು, 2022ರ ಮಾರ್ಗಸೂಚಿಯಲ್ಲಿ ಪ್ರಮಾಣಪತ್ರಗಳ ವ್ಯಾಪಾರವಾಗಿ ನಿಂತಿತು. ಮರುವರ್ಷವೇ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ತಪಾಸಣೆಯಲ್ಲಿ ಲಕ್ಷಗಟ್ಟಲೆ ನಕಲಿ ಪ್ರಮಾಣಪತ್ರ ಸಿಕ್ಕವು.

ನಿಷೇಧಗಳ ಕಥೆಯೂ ಪಾಠವೇ. ಗುಟ್ಕಾವನ್ನು ಪ್ಲಾಸ್ಟಿಕ್ ಚೀಟಿಯಲ್ಲಿ ಮಾರುವಂತಿಲ್ಲ ಎಂದು 2011ರಲ್ಲೇ ಆಯಿತು. 2013ರಲ್ಲಿ ಕರ್ನಾಟಕ ಗುಟ್ಕಾವನ್ನೇ ನಿಷೇಧಿಸಿತು. 2016ರ ಮಾರ್ಚ್‌ನಲ್ಲಿ ರಾಜ್ಯ ಪ್ಲಾಸ್ಟಿಕ್ ಚೀಲ, ತಟ್ಟೆ, ಲೋಟಗಳನ್ನು ನಿಷೇಧಿಸಿತು, ತಟ್ಟೆ, ಲೋಟಗಳನ್ನು 2022ರ ಜುಲೈನಿಂದ ದೇಶವೂ. ಗುಟ್ಕಾ ನಿಷೇಧವಾದ ಮೇಲೆ ಪಾನ್ ಮಸಾಲೆ ಒಂದು ಚೀಟಿ, ತಂಬಾಕು ಇನ್ನೊಂದು ಚೀಟಿ ಎಂದು ಜೋಡಿಯಾಗಿ ಮಾರುವ ಉಪಾಯದಿಂದ ಮೊದಲು ಒಂದಿದ್ದ ಕಸ ಈಗ ಎರಡು. ಇದು ನಗುವ ಮಾತಲ್ಲ, ನಗು ಬರುತ್ತದೆ.

ಈ ಪಂಥದ ಕೊರತೆಯೆಂದರೆ ಪಂಚಾಯಿತಿಗೆ ಇಂದು ಬೆಳಿಗ್ಗೆ ಏನು ಮಾಡಬೇಕೆಂದು ಇದು ಹೇಳುವುದಿಲ್ಲ. ಎಲಿಜಬೆತ್ ಶೋವ್‌ರಂಥ ಸಮಾಜಶಾಸ್ತ್ರಜ್ಞರ ಮಾತು ಇಲ್ಲಿ ಸೇತುವೆಯಾಗಬಲ್ಲದು. ಅವರ ಪ್ರಕಾರ ಬದಲಾಗಬೇಕಾದ್ದು ವ್ಯಕ್ತಿಯ ಮನಸ್ಸಲ್ಲ, ಬದುಕಿನ ರೂಢಿ. ವಾರದ ಬಟವಾಡೆಯ ಮೇಲೆ ನಡೆಯುವ ಮನೆ ಒಂದು ಲೀಟರ್ ಶಾಂಪೂ ಬಾಟಲಿ ಒಟ್ಟಿಗೆ ಕೊಳ್ಳಲಾರದು. ಸ್ಯಾಶೆ ಅವರ ಆಯ್ಕೆಯಲ್ಲ, ಅವರ ಕೂಲಿಯ ಅಳತೆ.

ದುಡಿಯುವ ಕೈಗಳ ಲೆಕ್ಕ

ಇನ್ನೊಂದು ವಾದ ಪುಸ್ತಕಗಳಲ್ಲಿ ಅಂಚಿಗೆ ಸರಿದಿರುತ್ತದೆ. ನನ್ನ ದೃಷ್ಟಿಯಲ್ಲಿ ಅದು ಅಂಚಿನದ್ದಲ್ಲ. ಯಾವ ಪಂಥ ಗೆದ್ದರೂ ಕಸ ಮುಟ್ಟುವವರು ಯಾರು? ಮನೆಯೊಳಗೆ ವಿಂಗಡಣೆ ಎಂದರೆ ಹೆಂಗಸಿನ ದಿನಚರಿಗೆ ಇನ್ನೊಂದು ಕೆಲಸ. ಮನೆಯ ಹೊರಗೆ ಸ್ವಸಹಾಯ ಸಂಘಗಳ ಪಂಚಾಯಿತಿ ಮಟ್ಟದ ಒಕ್ಕೂಟದ ಮಹಿಳೆಯರು. ರಾಜ್ಯದಲ್ಲಿ ಸಂಜೀವಿನಿ ಒಕ್ಕೂಟಗಳಿಗೆ ಕಸ ನಿರ್ವಹಣೆ ಒಪ್ಪಿಸಿ, ‘ಸ್ವಚ್ಛ ವಾಹಿನಿ’ ಎಂಬ ಕಸದ ಗಾಡಿಗೆ ಹೆಣ್ಣುಮಕ್ಕಳಿಗೇ ಚಾಲಕರಾಗಿ ತರಬೇತಿ ಕೊಟ್ಟು, ಕಸ ವಿಂಗಡಿಸುವ ‘ಸ್ವಚ್ಛ ಸಂಕೀರ್ಣ’ಗಳನ್ನು ಕಟ್ಟಿದ್ದು ಒಳ್ಳೆಯ ಹೆಜ್ಜೆ. ಸ್ಟೇರಿಂಗ್ ಹಿಡಿದ ಹುಡುಗಿಯನ್ನು ಊರು ನೋಡುವ ರೀತಿಯೇ ಬದಲಾಗಿದೆ. ಆದರೆ ಗಾಡಿಯ ಹಿಂಬದಿಯಲ್ಲಿ ನಿಂತು ಡೈಪರ್ ಆರಿಸುವ ಕೆಲಸ ಯಾವ ಕೇರಿಯವರಿಗೆ ಬರುತ್ತದೆ ಎಂದು ನೋಡಿದರೆ ಹಳೆಯ ಉತ್ತರವೇ ಹಲವು ಕಡೆ ಸಿಗುತ್ತದೆ. ಕಸ ಕಡಿಮೆ ಮಾಡುವ ಯೋಜನೆಗೆ ನೈತಿಕ ಬಲ ಬರುವುದಾದರೆ ಇಲ್ಲಿಂದ. ಹುಟ್ಟದ ಕಸವನ್ನು ಯಾರೂ ಮುಟ್ಟಬೇಕಿಲ್ಲ.

ಸಂಕೀರ್ಣ ಬಂದ ಮೇಲೆ

ಸ್ವಚ್ಛ ಭಾರತ್ ಗ್ರಾಮೀಣದ ಎರಡನೆಯ ಹಂತ 2020ರಲ್ಲಿ ಶುರುವಾದಾಗ ಘನತ್ಯಾಜ್ಯಕ್ಕೆ 5,000 ಜನಸಂಖ್ಯೆಯವರೆಗಿನ ಊರಿಗೆ ತಲಾ 60 ರೂಪಾಯಿ, ಅದಕ್ಕಿಂತ ದೊಡ್ಡ ಊರಿಗೆ ತಲಾ 45 ರೂಪಾಯಿ, ತಾಲ್ಲೂಕಿಗೊಂದು ಪ್ಲಾಸ್ಟಿಕ್ ಘಟಕಕ್ಕೆ 16 ಲಕ್ಷದವರೆಗೆ ಎಂದು ನಿಗದಿಯಾಯಿತು. ಅಂದರೆ ಮೂರು ಸಾವಿರ ಜನರ ಊರಿಗೆ 1.8 ಲಕ್ಷ. ಗುಂಡಿ, ಶೆಡ್ಡು, ಬಕೆಟ್‌ಗೆ ಸಾಕಾಗಬಹುದು. ಪ್ರತಿ ತಿಂಗಳ ಗೌರವಧನ, ಡೀಸೆಲ್, ದುರಸ್ತಿ ಪಂಚಾಯಿತಿಯ ತಲೆಗೆ.

ಕರಾವಳಿಯ ಮಾದರಿಯನ್ನು ಹಾಗೇ ಇಲ್ಲಿಗೆ ತರುವುದರಲ್ಲಿ ಇನ್ನೂ ಒಂದು ತೊಂದರೆ ಇದೆ. ವಂಡ್ಸೆ, ನಿಟ್ಟೆಯಂಥ ಕಡೆ ಪೇಟೆ, ಹೋಟೆಲ್, ಕಾಲೇಜುಗಳಿಂದ ಬೆಲೆಯುಳ್ಳ ಒಣ ಕಸ ಬರುತ್ತದೆ, ಕೊಳ್ಳುವವರು ಹತ್ತಿರವಿದ್ದಾರೆ. ನಮ್ಮ ಹಳ್ಳಿಯಲ್ಲಿ ರಟ್ಟು, ಕಬ್ಬಿಣ, ದಪ್ಪ ಪ್ಲಾಸ್ಟಿಕ್ ಗಾಡಿಗೆ ಬರುವ ಮೊದಲೇ ಗುಜರಿಯವನ ಪಾಲಾಗಿರುತ್ತದೆ. ಸಂಕೀರ್ಣಕ್ಕೆ ಮುಟ್ಟುವುದು ಯಾರೂ ಕೊಳ್ಳದ ಪದರು ಪ್ಲಾಸ್ಟಿಕ್. ಮಾರಾಟದಿಂದ ಸಂಬಳ ಹುಟ್ಟಿಸುವ ಲೆಕ್ಕ ಇಲ್ಲಿ ಕೂಡುವುದಿಲ್ಲ. ಗುಜರಿಯವನನ್ನು ಪ್ರತಿಸ್ಪರ್ಧಿ ಎಂದು ನೋಡದೆ ವ್ಯವಸ್ಥೆಯೊಳಗೆ ಕರೆದುಕೊಂಡ ಯೋಜನೆ ಈ ಸೀಮೆಗೆ ಹೆಚ್ಚು ಒಪ್ಪೀತು.

ಇನ್ನು ಹುಟ್ಟುವ ಕಸವನ್ನೇ ಇಳಿಸುವ ಯತ್ನಗಳು. ಅವು ಸಣ್ಣವು, ಸುದ್ದಿಗೆ ಬರುವಂಥವಲ್ಲ. ಬೆಂಗಳೂರಿನ ಅದಮ್ಯ ಚೇತನ ಸಂಸ್ಥೆ ಸಮಾರಂಭಗಳಿಗೆ ಸ್ಟೀಲ್ ತಟ್ಟೆ, ಲೋಟ ಎರವಲು ಕೊಡುವ ತಟ್ಟೆ ಬ್ಯಾಂಕ್ ನಡೆಸುತ್ತದೆ. ಮದುವೆ, ಜಾತ್ರೆಯ ಮರುದಿನ ಊರಿನ ಬಯಲನ್ನು ನೋಡಿದವರಿಗೆ ಇದರ ಬೆಲೆ ತಿಳಿಯುತ್ತದೆ. ಹಿಂದೆ ದೇವಸ್ಥಾನದ ಹಂಡೆ, ಕೊಪ್ಪರಿಗೆ, ಪರಾತಗಳು ಊರಿಗೆಲ್ಲ ಎರವಲು ಹೋಗುತ್ತಿದ್ದವು, ಉಣ್ಣಲಿಕ್ಕೆ ಮುತ್ತಲದೆಲೆ ಇತ್ತು. ಸ್ವಸಹಾಯ ಸಂಘವೊಂದು ಐನೂರು ತಟ್ಟೆ ಇಟ್ಟುಕೊಂಡರೆ ಬಾಡಿಗೆಯೂ ಹುಟ್ಟುತ್ತದೆ, ಆದರೆ ತೊಳೆಯುವ ನೀರು, ತೊಳೆಯುವ ಕೈ ಯಾರವು ಎಂಬುದನ್ನು ಮೊದಲೇ ತೀರ್ಮಾನಿಸಬೇಕು. ರಾಜ್ಯ ಸರ್ಕಾರದ ಶುಚಿ ಯೋಜನೆಯಡಿ 2022ರಲ್ಲಿ ದಕ್ಷಿಣ ಕನ್ನಡ, ಚಾಮರಾಜನಗರದ ವಿದ್ಯಾರ್ಥಿನಿಯರಿಗೆ ‘ಮೈತ್ರಿ’ ಮುಟ್ಟಿನ ಕಪ್ ಕೊಟ್ಟ ಪ್ರಯೋಗವೂ ಇದೇ ಜಾತಿಯದು. ವರ್ಷಗಟ್ಟಲೆ ಬಳಸಬಹುದಾದ ಒಂದು ಕಪ್ ಎಂದರೆ ನೂರಾರು ಪ್ಯಾಡ್ ಇಲ್ಲ. ಇದನ್ನು ಯಾರೂ ಕಸದ ಯೋಜನೆ ಎಂದು ಕರೆಯಲಿಲ್ಲ.

ಬಗೆಹರಿಯದ ಪ್ರಶ್ನೆಗಳು

ಮೊದಲನೆಯದು ಅಳತೆಯದು. ಪಂಚಾಯಿತಿಗಳು ಬರೆದಿಡುವುದು ಎತ್ತಿದ ಕಸದ ತೂಕ. ಅದು ಹೆಚ್ಚಾದರೆ ಯೋಜನೆ ಗೆದ್ದಿತು ಎನ್ನುತ್ತಾರೆ, ಕಡಿಮೆಯಾದರೂ ಗೆದ್ದಿತು ಎನ್ನಬಹುದು. ತೂಕ ಇಳಿದದ್ದು ಕೊಳ್ಳುವುದು ಕಡಿಮೆಯಾದ್ದರಿಂದಲೋ, ಹಂಡೆಯ ಒಲೆಗೆ ಹಾಕಿದ್ದರಿಂದಲೋ? ಮನೆಮನೆಯ ಬುಟ್ಟಿಯನ್ನು ಬೇಸಿಗೆ, ಮಳೆಗಾಲ, ಸುಗ್ಗಿ ಮೂರರಲ್ಲೂ ತೂಗಿ ನೋಡದೆ ಇದಕ್ಕೆ ಉತ್ತರವಿಲ್ಲ. ಮೂವತ್ತು ಮನೆಗಳ ಒಂದು ಓಣಿಯಲ್ಲಿ ಇದನ್ನು ಮಾಡಲಿಕ್ಕೆ ದೊಡ್ಡ ಅನುದಾನವೇನೂ ಬೇಕಿಲ್ಲ, ಒಂದು ತಕ್ಕಡಿ, ಒಂದು ವಹಿ ಸಾಕು.

ಎರಡನೆಯದು ಬಾಳಿಕೆಯದು. ಉತ್ಸಾಹಿ ಅಧಿಕಾರಿಯೋ ಸಂಸ್ಥೆಯೋ ಇದ್ದಷ್ಟು ದಿನ ನಡೆದ ಯೋಜನೆ ಅವರು ಹೋದ ಮೇಲೆ ಎಷ್ಟು ಉಳಿಯುತ್ತದೆ? ಪ್ರಶಸ್ತಿ ಬಂದ ವರ್ಷದ ವರದಿ ಸಿಗುತ್ತದೆ, ಐದು ವರ್ಷದ ನಂತರದ ವರದಿ ಸಿಗುವುದು ಅಪರೂಪ. ಆಸ್ಟ್ರಮ್ ಹೇಳಿದ ಶರತ್ತುಗಳು ಇಲ್ಲಿ ಕೆಲಸ ಮಾಡುತ್ತವೆಯೇ ಎಂಬುದೂ ಇದಕ್ಕೆ ಸೇರಿದ್ದು. ಕೆರೆಯ ನೀರು ಉಳಿದರೆ ಎಲ್ಲರಿಗೂ ಲಾಭ, ಕಸ ಉಳಿಸಿದವರಿಗೆ ಸಿಗುವುದೇನು?

ಮೂರನೆಯದು ತಿಪ್ಪೆಯದು. ದನ ಕಡಿಮೆಯಾಗುತ್ತಿರುವ ಕಾಲುವೆ ಸೀಮೆಯಲ್ಲಿ ಇನ್ನು ಹತ್ತು ವರ್ಷಕ್ಕೆ ಹಳ್ಳಿಯ ಹಸಿ ಕಸವೂ ನಗರದಂತೆ ಗಾಡಿ ಏರುತ್ತದೆಯೇ? ಮನೆಯ ತಿಪ್ಪೆಯನ್ನು ಪ್ಲಾಸ್ಟಿಕ್‌ನಿಂದ ಬಿಡಿಸಿ, ಭತ್ತದ ಹುಲ್ಲಿನೊಂದಿಗೆ ಕೂಡಿಸಿ ಮತ್ತೆ ಗೊಬ್ಬರವಾಗಿಸುವುದು ಸಾಧ್ಯವಾದರೆ ಗದ್ದೆಯ ಬೆಂಕಿ, ಓಣಿಯ ಕಸ ಎರಡಕ್ಕೂ ಒಂದೇ ಪರಿಹಾರ. ಹುಲ್ಲು ಎತ್ತುವ ಕೂಲಿ ಯಾರು ಕೊಡಬೇಕು ಎಂಬಲ್ಲಿಗೆ ಬಂದು ಅದು ನಿಲ್ಲುತ್ತದೆ. ಕೃಷಿ ಇಲಾಖೆ ಹುಲ್ಲನ್ನು ನೋಡುತ್ತದೆ, ಪಂಚಾಯತ್ ರಾಜ್ ಇಲಾಖೆ ಕಸವನ್ನು ನೋಡುತ್ತದೆ. ತಿಪ್ಪೆ ಯಾವ ಇಲಾಖೆಯದೂ ಅಲ್ಲ.

ಕೊನೆಯದು ದೂರದ್ದು. ಯಾರೂ ಕೊಳ್ಳದ ಪದರು ಪ್ಲಾಸ್ಟಿಕ್ಕಿಗೆ ಈಗ ಕಾಣುವ ದಾರಿ ಎಂದರೆ ಸಿಮೆಂಟ್ ಕಾರ್ಖಾನೆಗಳ ಗೂಡು. ದಢೇಸುಗೂರಿನಿಂದ ವಾಡಿ, ಸೇಡಂ ಕಡೆಗೆ ಒಂದು ಲಾರಿ ತುಂಬುವಷ್ಟು ಪೊಟ್ಟಣ ಕೂಡಿಸಲಿಕ್ಕೆ ಎಷ್ಟು ತಿಂಗಳು, ಅಲ್ಲಿಯವರೆಗೆ ಶೆಡ್ಡಿನಲ್ಲಿ ಜಾಗ ಎಲ್ಲಿ, ಬಾಡಿಗೆ ಪಂಚಾಯಿತಿಯದೋ ಪೊಟ್ಟಣ ತಯಾರಿಸಿದವರದೋ? ಹೊಣೆ ಉತ್ಪಾದಕರದು ಎಂದು ನಿಯಮ ಹೇಳುತ್ತದೆ. ಆ ಬಾಡಿಗೆಯ ರಸೀದಿ ಯಾರ ಹೆಸರಿಗೆ ಬರೆಯಬೇಕೆಂದು ಒಕ್ಕೂಟದ ಹೆಣ್ಣುಮಕ್ಕಳಿಗೆ ಯಾರೂ ಇನ್ನೂ ಹೇಳಿಕೊಟ್ಟಿಲ್ಲ.